ಎರಡು ಬಿಲ್ಲೆ ಸೇರದೆ ಸೈನ್ ಇಲ್ಲ

ಮುಂಬೈಯಲ್ಲಿ ವಿಮಾನಗಳ ಲೈನ್ ಮೇಂಟೆನೆನ್ಸ್ (ಹಾರಾಟಗಳ ನಡುವಿನ ತಪಾಸಣೆ, ದುರಸ್ತಿ) ಮಾಡುವ ಕನ್ನಡದ ಹುಡುಗರು ಸಿಕ್ಕಾಗಲೆಲ್ಲ ನನ್ನ ಹಿತ್ತಾಳೆ ಬಿಲ್ಲೆಗಳ ಬಗ್ಗೆ ಕೇಳುತ್ತಾರೆ. "ಹೋಟೆಲ್ ಟೋಕನ್ ತಂದು ವಿಮಾನಕ್ಕೆ ನೇತುಹಾಕ್ತಾನಂತೆ" ಎಂದು ಆಡಿಕೊಂಡವರೂ ಈಗ ಕೇಳುತ್ತಿದ್ದಾರೆ. ಅದಕ್ಕೇ ಒಮ್ಮೆ ಪೂರ್ತಿ ಬರೆಯುತ್ತಿದ್ದೇನೆ.

ಶುರುವಾದದ್ದು ನನ್ನದೇ ತಪ್ಪಿನಿಂದ. ಏಳೆಂಟು ವರ್ಷದ ಹಿಂದಿನ ಜುಲೈ, ರಾತ್ರಿ ಮೂರರ ಹೊತ್ತು, ಜೋರು ಮಳೆ. ಎ320 ವಿಮಾನವೊಂದರ ಎಡ ಇಂಜಿನ್ನಿನ ಫ್ಯಾನ್ ಕೌಲ್ (ಇಂಜಿನ್ನಿನ ಹೊರಬಾಗಿಲು) ಬಿಚ್ಚಿದ್ದೆ. ಐಡಿಜಿ (ಇಂಜಿನ್ನಿಗೆ ಜೋಡಿಸಿದ ಜನರೇಟರ್) ಎಣ್ಣೆ ಕಡಿಮೆ ಇತ್ತು, ಆಯಿಲ್ ಗನ್ ಸ್ಟೋರ್‌ನಲ್ಲಿತ್ತು. ಕೌಲ್ ಸುಮ್ನೆ ಇಳಿಸಿ, ಲ್ಯಾಚ್ (ಚಿಲಕ) ಹಾಕದೆ ಹೊರಟೆ. ದಾರಿಯಲ್ಲೇ ಪಕ್ಕದ ಬೇಯಿಂದ (ವಿಮಾನ ನಿಲ್ಲುವ ಜಾಗ) ಚಕ್ರ ಬದಲಿಸಲು ಕರೆ ಬಂತು. ಅದು ಮುಗಿದಾಗ ನಾಲ್ಕೂವರೆ. ವಾಪಸ್ ಬಂದು ನೋಡಿದರೆ ಕೌಲ್ ಮುಚ್ಚಿದ ಹಾಗೇ ಇತ್ತು. ಜೊತೆಯವನು ಎಣ್ಣೆ ಹಾಕಿ ಮುಗಿಸಿದ್ದಾನೆ ಅಂದುಕೊಂಡೆ. ಟೆಕ್ ಲಾಗ್‌ಗೆ (ವಿಮಾನದ ದುರಸ್ತಿ ದಾಖಲೆ ಪುಸ್ತಕ) ಸೈನ್ ಹಾಕಿದೆ.

ಹಿಡಿದವನು ಗದಗದ ಕಡೆಯ ಒಬ್ಬ ಹೆಲ್ಪರ್. ಚಕ್ರದ ಚಾಕ್ ಎಳೆಯಲು ಬಗ್ಗಿದವನು ಅಲ್ಲಿಂದಲೇ ಕೂಗಿದ: "ಸರ್, ಇಲ್ಲೇನೋ ಜೋತಾಡಾಕತ್ತೈತಿ ನೋಡ್ರಿ." ಒದ್ದೆ ನೆಲಕ್ಕೆ ಮಂಡಿಯೂರಿ ಟಾರ್ಚ್ ಬಿಟ್ಟೆ. ನಾಲ್ಕು ಲ್ಯಾಚ್‌ಗಳೂ ಕೆಳಕ್ಕೆ ಬಾಯಿಬಿಟ್ಟು ನೇತಾಡುತ್ತಿದ್ದವು. ಒಂದರ ತುದಿಯಿಂದ ಮಳೆನೀರು ತೊಟ್ಟಿಕ್ಕುತ್ತಿತ್ತು. ಆ ತೊಟ್ಟು ಇವತ್ತಿಗೂ ಕಣ್ಣಮುಂದೆ ಇದೆ.

ಮೂರು ವಾರ ಸೈನ್ ಮಾಡುವ ಅಧಿಕಾರ ಹೋಯಿತು. ಭತ್ಯೆಯೂ ಹೋಯಿತು, ಇಪ್ಪತ್ತು ಸಾವಿರದ ಆಸುಪಾಸು. ಆ ಮೂರು ವಾರ ಕೂತು ಹಳೆಯ ತನಿಖಾ ವರದಿಗಳನ್ನು ಓದಿದೆ. 2013ರ ಮೇ 24ರಂದು ಲಂಡನ್ನಿನ ಹೀಥ್ರೂನಲ್ಲಿ ಆದದ್ದು ಹೆಚ್ಚುಕಡಿಮೆ ಇದೇ. ಎ319ರ ಕೌಲ್‌ಗಳನ್ನು ಲ್ಯಾಚ್ ಹಾಕದೆ ಬಿಟ್ಟುಹೋದ ಇಬ್ಬರು ಮತ್ತೆ ಬಂದದ್ದು ತಪ್ಪಿ ಬೇರೊಂದು ವಿಮಾನಕ್ಕೆ. ಅಲ್ಲಿ ಕೌಲ್ ಮುಚ್ಚಿದ್ದು ಕಂಡು ಯಾರೋ ಮುಚ್ಚಿದ್ದಾರೆ ಅಂದುಕೊಂಡರು. ಹಾರುವ ಮುಂಚಿನ ಸುತ್ತಿನಲ್ಲಿ ಪೈಲಟ್ ಕಣ್ಣಿಗೂ ಬೀಳಲಿಲ್ಲ. ಟೇಕಾಫ್‌ನಲ್ಲಿ ಎರಡೂ ಇಂಜಿನ್ನಿನ ಕೌಲ್ ಕಿತ್ತುಹೋಗಿ, ಒಂದಕ್ಕೆ ಬೆಂಕಿಯೂ ಹತ್ತಿತು. ಪುಣ್ಯಕ್ಕೆ ವಾಪಸ್ ಬಂದು ಇಳಿಯಿತು. ಲ್ಯಾಚ್ ಇರುವುದು ಇಂಜಿನ್ನಿನ ಹೊಟ್ಟೆಯ ಅಡಿಯಲ್ಲಿ, ಬಗ್ಗದವರಿಗೆ ಕಾಣೋದೇ ಇಲ್ಲ ಅಲ್ವಾ.

ಉಪಾಯ ಸಿಕ್ಕಿದ್ದು ಮಾಟುಂಗದ ನನ್ನ ಮಾವನ ಹೋಟೆಲಿನಲ್ಲಿ. ಪಾರ್ಸೆಲ್ ಕೌಂಟರಿನಲ್ಲಿ ಗಿರಾಕಿ ಕೈಗೆ ಒಂದು ಬಿಲ್ಲೆ, ಪೊಟ್ಟಣದ ಮೇಲೆ ಅದೇ ನಂಬರಿನ ಇನ್ನೊಂದು. "ಹುಡುಗರ ನೆನಪು ನಂಬಿ ಹೋಟೆಲ್ ನಡೆಸೋಕಾಗಲ್ಲ ಮಾರಾಯಾ" ಅಂದರು ಮಾವ.

ನಾನು ಮಾಡಿದ್ದು ಇಷ್ಟೇ. ಏನನ್ನೇ ಬಿಚ್ಚಿದರೂ, ಮುಚ್ಚಿದರೂ, ಒಂದು ಬಿಲ್ಲೆ ಆ ಜಾಗಕ್ಕೆ, ಉದ್ದನೆಯ ಪಟ್ಟಿಯ ಜೊತೆ. ಅದರ ಜೋಡಿ ಟೆಕ್ ಲಾಗ್ ಹೊದಿಕೆಯ ಉಕ್ಕಿನ ರಿಂಗ್‌ಗೆ. ರಿಂಗ್‌ನಲ್ಲಿ ಬಿಲ್ಲೆ ಇದ್ದರೆ ಪುಸ್ತಕ ತೆರೆಯುವುದೇ ಇಲ್ಲ. ಎರಡು ಬಿಲ್ಲೆ ಒಟ್ಟಿಗೆ ಕೈಗೆ ಬಂದ ಮೇಲೇ ಸೈನ್.

ಹೇಳಿದಷ್ಟು ಸುಲಭವಾಗಿ ನಡೆಯಲಿಲ್ಲ. ಮೊದಲ ಕಂತು ಪ್ಲಾಸ್ಟಿಕ್. ಸ್ಕೈಡ್ರಾಲ್ (ವಿಮಾನದ ಹೈಡ್ರಾಲಿಕ್ ದ್ರವ) ತಾಗಿ ವಾರದಲ್ಲಿ ಮೆತ್ತಗಾಗಿ ನಂಬರೇ ಅಳಿಸಿಹೋಯಿತು. ಆರುನೂರು ರೂಪಾಯಿ ದಂಡ. ಎರಡನೆಯದು ತೆಳು ಅಲ್ಯೂಮಿನಿಯಂ. ಗಾಳಿಗೆ ಪಟಪಟ ಬಡಿದು ಎರಡು ಕಳಚಿಬಿದ್ದವು. ಆಗ ಹಿರಿಯ ಎಎಂಇ (ವಿಮಾನ ನಿರ್ವಹಣಾ ಇಂಜಿನಿಯರ್) ಒಬ್ಬರು ಎಲ್ಲರ ಮುಂದೆ ಕೇಳಿದರು: "ನಿನ್ನ ಬಿಲ್ಲೆಯೇ ಇಂಜಿನ್ನಿಗೆ ಹೋದ್ರೆ?" ಅವರು ಹೇಳಿದ್ದು ಸರಿಯಾಗಿತ್ತು. ನಾಗ್‌ದೇವಿ ಸ್ಟ್ರೀಟಿನಲ್ಲಿ ದಪ್ಪ ಹಿತ್ತಾಳೆಯಲ್ಲಿ ಇಪ್ಪತ್ನಾಲ್ಕು ಜೋಡಿ ಹೊಡೆಸಿದೆ, ಒಂದಕ್ಕೆ ಎಪ್ಪತ್ತು, ಒಟ್ಟು ಮೂರೂವರೆ ಸಾವಿರದ ಹತ್ತಿರ. ಕೊಕ್ಕೆ ಬಿಟ್ಟು, ತಿರುಪು ಹಾಕಿ ಬಿಗಿಯುವ ಉಕ್ಕಿನ ತಂತಿ ಹಾಕಿಸಿದೆ. ಪಟ್ಟಿಗಳನ್ನು ಕುರ್ಲಾದ ದರ್ಜಿ ಹೊಲಿದುಕೊಟ್ಟ. ಮೊದಲಿನ ಕೆಂಪು ಒಂದೇ ಮಳೆಗಾಲಕ್ಕೆ ಮಾಸಿತು. ಈಗ ಕಿತ್ತಳೆ ಬಣ್ಣ.

ಟೂಲ್‌ಗಳ ಹಾಗೇ ಬಿಲ್ಲೆಗೂ ಸ್ಟೋರ್‌ನಲ್ಲಿ ಲೆಕ್ಕ. ಒಂದು ಕಮ್ಮಿಯಾದರೂ ವಿಮಾನ ಕದಲುವಂತಿಲ್ಲ. ಒಂದು ಸಲ ಹೀಗೇ ಆಯಿತು. ಎರಡು ತಾಸು ಹುಡುಕಿದ ಮೇಲೆ ಒಬ್ಬನ ರೇನ್‌ಕೋಟ್ ಜೇಬಿನಲ್ಲಿ ಸಿಕ್ಕಿತು. ವಿಮಾನ ಐವತ್ತು ನಿಮಿಷ ತಡ. ಮ್ಯಾನೇಜರ್ ಕೂಗಾಡಿದರು, ನಾನು ಬಗ್ಗಲಿಲ್ಲ. ಕ್ವಾಲಿಟಿಯವರ ಒಪ್ಪಿಗೆಗೇ ನಾಲ್ಕು ತಿಂಗಳು ಹಿಡಿದಿತ್ತು. ಎಎಂಎಂಗೂ (ವಿಮಾನದ ನಿರ್ವಹಣಾ ಕೈಪಿಡಿ) ಟಾಸ್ಕ್ ಕಾರ್ಡಿಗೂ (ಕೆಲಸದ ಹಂತಗಳ ಪಟ್ಟಿ) ಇದು ಬದಲಿ ಅಲ್ಲ, ಅವುಗಳ ಮೇಲೆ ಇನ್ನೊಂದು ಬೇಲಿ ಅಂತ ಬರೆದುಕೊಟ್ಟ ಮೇಲೇ ಒಪ್ಪಿದರು.

ಸ್ಟ್ಯಾಟಿಕ್ ಪೋರ್ಟ್ (ಎತ್ತರ, ವೇಗ ಅಳೆಯಲು ಹೊರಗಿನ ಗಾಳಿಯ ಒತ್ತಡ ಹಿಡಿಯುವ ಸಣ್ಣ ತೂತು) ಮುಚ್ಚಿದಾಗಂತೂ ಬಿಲ್ಲೆ ಬೇಕೇ ಬೇಕು. 1996ರ ಅಕ್ಟೋಬರ್ 2ರಂದು ಪೆರುವಿನ ಲಿಮಾದಿಂದ ಹೊರಟ ಬೋಯಿಂಗ್ 757ರಲ್ಲಿ, ತೊಳೆಯುವಾಗ ಅಂಟಿಸಿದ್ದ ಟೇಪ್ ಹಾಗೇ ಉಳಿದಿತ್ತು. ಎತ್ತರವೂ ವೇಗವೂ ತಪ್ಪು ತೋರಿಸಿ, ರಾತ್ರಿ ಸಮುದ್ರಕ್ಕೆ ಬಿದ್ದು 70 ಜನರೂ ಹೋದರು. ಅಷ್ಟಕ್ಕೂ ಕಾರಣ ಅಂಗೈಯಗಲದ ಟೇಪು.

ನಡುವೆ ಇನ್ನೊಂದು ಪ್ರಯೋಗವನ್ನೂ ಮಾಡಿದೆ. ತಪಾಸಣೆಗೆ ವಿಮಾನವನ್ನು ದಿನಾ ಸುತ್ತುವ ದಿಕ್ಕು ಬಿಟ್ಟು ಉಲ್ಟಾ ಸುತ್ತತೊಡಗಿದೆ. ಮೊದಲ ವಾರದಲ್ಲೇ ಟೈರಿನ ಒಂದು ಸೀಳು, ಮುರಿದ ಒಂದು ಸ್ಟ್ಯಾಟಿಕ್ ಡಿಸ್ಚಾರ್ಜರ್ (ಸ್ಥಿರ ವಿದ್ಯುತ್ ಹೊರಬಿಡುವ ಕಡ್ಡಿ) ಕಂಡವು. ಆರು ವಾರಕ್ಕೆ ಕಣ್ಣು ಅದಕ್ಕೂ ಒಗ್ಗಿಹೋಯಿತು. ಈಗ ಬೆಸ ತಾರೀಕಿನಲ್ಲಿ ಮಾತ್ರ, ಮಾಮೂಲಿ ಸುತ್ತು ಮುಗಿದ ಮೇಲೆ, ಇನ್ನೊಮ್ಮೆ ಉಲ್ಟಾ. ಜಪಾನಿನ ರೈಲಿನವರ ಹಾಗೆ ಬೆರಳು ತೋರಿಸಿ ಬಾಯಲ್ಲಿ ಹೇಳುವುದನ್ನೂ ಶುರುಮಾಡಿದೆ. ಹುಡುಗರಲ್ಲಿ ಅರ್ಧ ಜನ ನಾಚಿಕೊಂಡು ಬಿಟ್ಟರು. ಲ್ಯಾಚ್ ಹತ್ತಿರ ನಾನಂತೂ ಜೋರಾಗಿಯೇ ಎಣಿಸುತ್ತೇನೆ.

ಮೂರು ವರ್ಷದ ಮೇಲಾಯಿತು. ನೆನಪಿರುವಂತೆ ಏಳೆಂಟು ಸಲ ರಿಂಗ್‌ನಲ್ಲಿ ಒಂಟಿ ಬಿಲ್ಲೆ ಉಳಿದು ನಮ್ಮನ್ನು ತಡೆದಿದೆ. ಎರಡು ಸಲ ಕೌಲ್, ಒಮ್ಮೆ ಸ್ಟ್ಯಾಟಿಕ್ ಪೋರ್ಟ್ ಕವರ್, ಉಳಿದವು ಸಣ್ಣ ಪ್ಯಾನೆಲ್‌ಗಳು. ಎಲ್ಲವೂ ಮೂರರಿಂದ ಐದರ ನಡುವೆ. ಪಕ್ಕದ ಎರಡು ಶಿಫ್ಟ್‌ಗಳೂ ನಮ್ಮನ್ನು ನೋಡಿ ಶುರುಮಾಡಿವೆ ಎನ್ನುವುದು ನನಗೆ ಹೆಮ್ಮೆ. ಆದರೆ ಬಿಲ್ಲೆಗಳಿಗೆ ನಂಬರ್ ಒಂದು, ಎರಡು ಅಂತ ಸಾಲಾಗಿ ಹಾಕಿಲ್ಲ. ಹೇಗೆ ಹಾಕಿದ್ದೇನೆ, ಹಿಂಭಾಗದ ಗುರುತು ಏನು ಎನ್ನುವುದು ಸದ್ಯಕ್ಕೆ ನಮ್ಮ ಶಿಫ್ಟ್‌ನವರಿಗೇ ಇರಲಿ.

ಗದಗದ ಆ ಹುಡುಗ ಈಗ ಲೈಸೆನ್ಸ್ ಪರೀಕ್ಷೆಗೆ ಓದುತ್ತಿದ್ದಾನೆ. ಕಳೆದ ಭಾನುವಾರ ಅವನನ್ನೇ ಕರೆದುಕೊಂಡು ನಾಗ್‌ದೇವಿಗೆ ಹೋಗಿ ಇನ್ನೂ ಹತ್ತು ಜೋಡಿಗೆ ಆರ್ಡರ್ ಕೊಟ್ಟು ಬಂದೆ. ಒಂದಕ್ಕೆ ನೂರಹತ್ತು ಹೇಳಿದ, ತೊಂಬತ್ತೈದಕ್ಕೆ ಇಳಿಸಿದೆವು.