ಹಳೇ ಟ್ರ್ಯಾಕ್ಟರ್ ಸ್ಟಾರ್ಟ್ ಆಗ್ತಿಲ್ವಾ? ಬ್ಯಾಟರಿ ಬದಲಿಸುವ ಮೊದಲು ಅರ್ತ್ ನೋಡಿ

ಶಿರಸಿ, ಸಿದ್ದಾಪುರ ಕಡೆ ಮಳೆಗಾಲವಿಡೀ ಮಾಡಿನಡಿ ನಿಂತ ಟ್ರ್ಯಾಕ್ಟರನ್ನು ಅಡಿಕೆ ಕೊಯ್ಲಿನ ಹೊತ್ತಿಗೆ ಹೊರಗೆ ತೆಗೆಯುತ್ತಾರೆ. ಕೀ ತಿರುಗಿಸಿದರೆ ‘ಟಕ್’ ಅನ್ನುತ್ತದೆ, ಅಷ್ಟೇ. ಮರುದಿನ ಹೊಸ ಬ್ಯಾಟರಿ ಬರುತ್ತದೆ. ಆದರೂ ಅದೇ ‘ಟಕ್’. ಆಮೇಲೆ ಸೆಲ್ಫ್, ಅಂದರೆ ಇಂಜಿನ್ ತಿರುಗಿಸುವ ಸ್ಟಾರ್ಟರ್ ಮೋಟಾರ್, ಬಿಚ್ಚುತ್ತಾರೆ. ಎಷ್ಟೋ ಸಲ ಎರಡರಲ್ಲೂ ದೋಷ ಇರುವುದಿಲ್ಲ, ಹಾಳಾಗಿದ್ದು ಅರ್ತ್ ಕೇಬಲ್, ಅಂದರೆ ಬ್ಯಾಟರಿಯ ನೆಗೆಟಿವನ್ನು ಗಾಡಿಯ ಬಾಡಿಗೆ ಸೇರಿಸುವ ದಪ್ಪ ವೈರ್. ಅಂಕೋಲಾ, ಕುಮಟಾದ ಉಪ್ಪುಗಾಳಿಯಲ್ಲಂತೂ ಇದಕ್ಕೆ ಮಳೆಗಾಲವೇ ಬೇಕಿಲ್ಲ.

ಒಂದು ವಿಷಯ ತಿಳಿದಿರಲಿ. ಡೀಸೆಲ್ ಇಂಜಿನ್ನಿಗೆ ಸ್ಪಾರ್ಕ್ ಪ್ಲಗ್ ಇಲ್ಲ. ಸಿಲಿಂಡರಿನಲ್ಲಿ ಒತ್ತಿದ ಗಾಳಿಯ ಬಿಸಿಗೇ ಡೀಸೆಲ್ ಹೊತ್ತಿಕೊಳ್ಳುತ್ತದೆ. ಇಂಜಿನ್ನನ್ನು ಜೋರಾಗಿ ತಿರುಗಿಸುವುದೇ ಇಲ್ಲಿ ಕರೆಂಟಿನ ಮುಖ್ಯ ಕೆಲಸ.

1. ಗೇರ್ ನ್ಯೂಟ್ರಲ್ ಮಾಡಿ, ಬ್ರೇಕ್ ಹಾಕಿ. ಇಂಜಿನ್ ನಿಲ್ಲಿಸಲು ಎಳೆಯುವ ಸ್ಟಾಪ್ ನಾಬ್ ಒಳಗಿದೆಯೇ ನೋಡಿ. ಅದನ್ನು ಎಳೆದಿಟ್ಟು ಬ್ಯಾಟರಿ ಇಳಿಯುವವರೆಗೆ ಸೆಲ್ಫ್ ಹೊಡೆಯುವವರು ಬೇಕಾದಷ್ಟಿದ್ದಾರೆ.

2. ಕೀ ತಿರುಗಿಸಿ ಸದ್ದು ಕೇಳಿ. ಸದ್ದೇ ಇಲ್ಲದಿದ್ದರೆ ಫ್ಯೂಸ್, ಕೀ ಸ್ವಿಚ್, ಕ್ಲಚ್ ಅಥವಾ ಗೇರಿನ ಸೇಫ್ಟಿ ಸ್ವಿಚ್ ನೋಡಬೇಕು. ಇಲಿ ಕಡಿದ ವೈರನ್ನೂ ಮರೆಯಬೇಡಿ. ‘ಟಕ್’ ಅಂತ ನಿಂತರೆ, ಇಲ್ಲವೇ ಇಂಜಿನ್ ನಿಧಾನಕ್ಕೆ ಗೊರಗುಟ್ಟಿದರೆ, ಮುಂದಿನ ಎರಡು ಹಂತ ನಿಮಗೇ.

3. ಬ್ಯಾಟರಿಗೆ ಮಲ್ಟಿಮೀಟರ್ ಹಿಡಿಯಿರಿ. ಗಾಡಿ ನಿಂತಿದ್ದಾಗ 12.6 ವೋಲ್ಟ್ ಇದ್ದರೆ ಫುಲ್ ಚಾರ್ಜ್. 12ಕ್ಕಿಂತ ಕೆಳಗಿದ್ದರೆ ಮೊದಲು ಚಾರ್ಜ್ ಮಾಡಿಸಿ. ನೀರು ಕಡಿಮೆಯಿದ್ದರೆ ಡಿಸ್ಟಿಲ್ಡ್ ವಾಟರ್ ಮಾತ್ರ, ಬಾವಿ ನೀರು ಬೇಡ.

4. ಎಲ್ಲರೂ ಎಡವುವುದು ಇಲ್ಲೇ. ಅರ್ತ್ ಕೇಬಲ್ ಕಣ್ಣಿಗೆ ಚೆನ್ನಾಗಿ ಕಂಡರೆ ಸಾಲದು. ಒಂದು ಬಲ್ಬ್ ಉರಿಯಲು ನಾಲ್ಕು ಎಳೆ ತಂತಿ ಸಾಕು, ಸೆಲ್ಫಿಗೆ ನೂರಾರು ಆಂಪಿಯರ್ ಬೇಕು. ಹೆಡ್‌ಲೈಟ್ ಉರಿಯಿತು ಅಂದಮಾತ್ರಕ್ಕೆ ಕೇಬಲ್ ಸರಿಯಿದೆ ಎಂದಲ್ಲ.

ಸ್ಟಾಪ್ ನಾಬ್ ಹೊರಗೆಳೆಯಿರಿ, ಇಂಜಿನ್ ಹೊತ್ತಬಾರದು. ಮೀಟರನ್ನು ಡಿಸಿ 20 ವೋಲ್ಟಿಗೆ ಇಡಿ. ಒಂದು ಕಡ್ಡಿ ಬ್ಯಾಟರಿಯ ನೆಗೆಟಿವ್ ಸೀಸದ ಕಂಬದ ಮೇಲೆ. ಗಮನಿಸಿ, ಕ್ಲಾಂಪಿನ ಮೇಲಲ್ಲ. ಇನ್ನೊಂದು ಸೆಲ್ಫಿನ ಬಾಡಿಯ ಮೇಲೆ, ಬಣ್ಣ ಕೆರೆದ ಜಾಗದಲ್ಲಿ. ಮನೆಯವರೊಬ್ಬರು ಸೀಟಿನಲ್ಲಿ ಕೂತು ಮೂರ್ನಾಲ್ಕು ಸೆಕೆಂಡ್ ಸೆಲ್ಫ್ ಹೊಡೆಯಲಿ. 0.2, 0.3 ತೋರಿಸಿದರೆ ಚಿಂತೆಯಿಲ್ಲ. ಅರ್ಧ ವೋಲ್ಟ್ ದಾಟಿದರೆ ಅರ್ತ್ ಕೆಟ್ಟಿದೆ. ಈಗ ಎರಡನೇ ಕಡ್ಡಿಯನ್ನು ಹಿಂದಕ್ಕೆ ತನ್ನಿ: ಇಂಜಿನ್, ಚಾಸಿಸ್, ಕೇಬಲಿನ ತುದಿಯ ಲಗ್ (ಬೋಲ್ಟಿಗೆ ಕೂರುವ ಬಳೆ), ಕ್ಲಾಂಪ್. ಪ್ರತಿ ಸಲವೂ ಸೆಲ್ಫ್ ಹೊಡೆಸಿ. ಎಲ್ಲಿ ಅಂಕಿ ಧಡಕ್ಕನೆ ಇಳಿಯುತ್ತದೋ, ಅದರ ಮತ್ತು ಅದಕ್ಕೂ ಮೊದಲು ಕಡ್ಡಿ ಇಟ್ಟ ಜಾಗದ ನಡುವೆ ತೊಂದರೆ. ಪಾಸಿಟಿವ್ ಕಂಬದಿಂದ ಸೆಲ್ಫಿನ ದಪ್ಪ ಬೋಲ್ಟಿನವರೆಗೂ ಹೀಗೇ ನೋಡಿ.

ಬಿಚ್ಚುವಾಗ ನೆಗೆಟಿವ್ ಮೊದಲು, ಹಾಕುವಾಗ ನೆಗೆಟಿವ್ ಕೊನೆಗೆ. ಉಲ್ಟಾ ಮಾಡಿದರೆ ಪಾನಾ ಬಾಡಿಗೆ ತಗುಲಿ ಕಿಡಿ ಹಾರುತ್ತದೆ, ಬ್ಯಾಟರಿಯಿಂದ ಹೊರಡುವ ಗ್ಯಾಸಿಗೆ ಅಷ್ಟು ಸಾಕು. ಕಂಬದ ಬಿಳಿ-ಹಸಿರು ಪುಡಿಯನ್ನು ಸೋಡಾ ಪುಡಿ ಕಲಸಿದ ಬಿಸಿನೀರಲ್ಲಿ ತೊಳೆಯಿರಿ. ಅದು ಬ್ಯಾಟರಿಯೊಳಗೆ ಇಳಿಯಬಾರದು. ಲಗ್ ಕೂರುವ ಕಬ್ಬಿಣವನ್ನು ಹೊಳೆಯುವವರೆಗೆ ಉಪ್ಪುಕಾಗದದಿಂದ ಉಜ್ಜಿ. ಗಾಡಿಗೆ ಪೇಂಟ್ ಹೊಡೆಸಿದಾಗ ಲಗ್ಗಿನ ಅಡಿಗೂ ಪೇಂಟ್ ಹೋಗಿರುತ್ತದೆ! ಬಿಗಿ ಮಾಡಿದ ಮೇಲೆ ವ್ಯಾಸಲಿನ್ ಸವರಿ, ಮೊದಲಲ್ಲ.

ರಬ್ಬರ್ ಸುಲಿದಾಗ ತಂತಿ ಕಪ್ಪಾಗಿ ಪುಡಿಯುದುರಿದರೆ ಕೇಬಲ್ಲನ್ನೇ ಬದಲಿಸಿ. ಅಂಗಡಿಯಲ್ಲಿ ದಪ್ಪ ಕಂಡಿತೆಂದು ತರಬೇಡಿ. ಕೆಲವದರಲ್ಲಿ ರಬ್ಬರೇ ಜಾಸ್ತಿ. ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ, ಒಳಗೆ ಬೆಳ್ಳಗಿದ್ದರೆ ತಾಮ್ರ ಬಳಿದ ಅಲ್ಯುಮಿನಿಯಂ ಇರಬಹುದು, ಅಲ್ಲೇ ಬಿಟ್ಟು ಬನ್ನಿ. ನನ್ನ ಕೇಳಿದರೆ, ಬ್ಯಾಟರಿ ನೆಗೆಟಿವಿನಿಂದ ಸೆಲ್ಫ್ ಕೂರಿಸಿದ ಬೋಲ್ಟಿಗೆ ನೇರವಾಗಿ ಇನ್ನೊಂದು ತಾಮ್ರದ ಕೇಬಲ್ ಎಳೆಸಿಬಿಡಿ. ಚಾಸಿಸ್ಸಿನ ತುಕ್ಕನ್ನು ನಂಬಿ ಕೂರುವ ಕರ್ಮ ಯಾಕೆ?

ಸೆಲ್ಫಿನ ಎರಡು ಬೋಲ್ಟಿಗೆ ಸ್ಕ್ರೂಡ್ರೈವರ್ ಅಡ್ಡ ಇಟ್ಟು ಸ್ಟಾರ್ಟ್ ಮಾಡುವ ಚಾಳಿ ನಮ್ಮಲ್ಲಿ ಬಹಳ. ದಯವಿಟ್ಟು ಬೇಡ. ಸೇಫ್ಟಿ ಸ್ವಿಚ್ ಆಗ ಲೆಕ್ಕಕ್ಕೇ ಇಲ್ಲ. ಗೇರಿನಲ್ಲಿದ್ದರೆ ಗಾಡಿ ಮುಂದೆ ಹೋಗುತ್ತದೆ, ನೀವು ನಿಂತಿರುವುದು ದೊಡ್ಡ ಚಕ್ರದ ಮುಂದೆ.

5. ಸೆಲ್ಫ್ ಜೋರಾಗಿ ತಿರುಗಿಯೂ ಹೊತ್ತಲಿಲ್ಲವೇ? ಸ್ಟಾಪ್ ನಾಬ್ ಮತ್ತೆ ಒಳಗೆ ಹಾಕಿದ್ದೀರಾ? ಹಾಕಿದ್ದರೆ ಇನ್ನು ಕರೆಂಟನ್ನು ಬಿಡಿ. ಬಹುಶಃ ಡೀಸೆಲ್ ಲೈನಿನಲ್ಲಿ ಗಾಳಿ ಹಿಡಿದಿದೆ. ಡೀಸೆಲ್ ಫಿಲ್ಟರಿನ ಮೇಲಿನ ಏರ್ ಸ್ಕ್ರೂ ಸಡಿಲಿಸಿ, ಕೈಪಂಪ್ ಒತ್ತುತ್ತಾ ಇರಿ. ಮೊದಲು ನೊರೆ ಬರುತ್ತದೆ. ಗುಳ್ಳೆ ನಿಂತು ಬರೀ ಡೀಸೆಲ್ ಬಂದಾಗ, ಪಂಪ್ ಒತ್ತುತ್ತಲೇ ಸ್ಕ್ರೂ ಬಿಗಿ ಮಾಡಿ.