ನಿಂಬೆ ಬೀಜ ಬಿಸಾಡುವವರು ಜೆಲ್ಲಿ ಮಿಠಾಯಿಗೆ ಕೈ ಹಾಕಬೇಡಿ

ಹಣ್ಣಿನ ಜೆಲ್ಲಿ ಮಿಠಾಯಿ ಮಾಡುತ್ತೇವೆ ಅಂತ ಹೊರಡುವ ಈಗಿನ ಹುಡುಗ ಹುಡುಗಿಯರು ಶುರುವಿನಲ್ಲೇ ಎಡವುತ್ತಾರೆ. ನಿಂಬೆಹಣ್ಣು ಹಿಂಡಿ ಬೀಜವನ್ನು ಕಸದ ಬುಟ್ಟಿಗೆ ಹಾಕುತ್ತಾರೆ. ಸೇಬಿನ ಸಿಪ್ಪೆ ಹೆರೆದು ಎಸೆಯುತ್ತಾರೆ, ನಡುವಿನ ಗಟ್ಟಿ ಭಾಗವನ್ನೂ ಕೊರೆದು ಎಸೆಯುತ್ತಾರೆ. ಜೆಲ್ಲಿ ಕಟ್ಟುವುದೇ ಅದರಿಂದ. ಅದನ್ನೆಲ್ಲ ಹೊರಗೆ ಹಾಕಿ ಬರೀ ಸಿಹಿ ರಸ ಇಟ್ಟುಕೊಂಡು ಒಲೆಯ ಮುಂದೆ ನಿಂತರೆ ಏನು ಬಂತು? ಗಟ್ಟಿಯಾಗಲಿಲ್ಲ ಅಂತ ಫ್ರಿಜ್ಜಿಗೆ ನೂಕುತ್ತಾರೆ. ಮಾರನೇ ದಿನ ತೆಗೆದು ನೋಡಿದರೆ ತಣ್ಣಗಿನ ಪಾನಕ.

ಹಣ್ಣಿನಲ್ಲಿ ಪೆಕ್ಟಿನ್ ಅಂತ ಒಂದು ಅಂಟು ಇರುತ್ತದೆ. ಸಿಪ್ಪೆಯಲ್ಲಿ, ಬೀಜದ ಸುತ್ತಮುತ್ತ, ಕಿತ್ತಳೆ ನಿಂಬೆಗಳ ಸಿಪ್ಪೆಯ ಒಳಗಿನ ಬಿಳಿ ಪದರದಲ್ಲಿ ಅದು ಜಾಸ್ತಿ. ಹಣ್ಣು ಕಳಿತಷ್ಟೂ ಅದು ಒಡೆದು ಸಡಿಲವಾಗುತ್ತದೆ. ಹಾಗಾಗಿ ತೀರಾ ಕಳಿತ ಹಣ್ಣನ್ನೇ ತಂದು ಸುರಿಯಬೇಡಿ. ಪರಿಮಳಕ್ಕೆ ಮುಕ್ಕಾಲು ಪಾಲು ಹಣ್ಣಾದದ್ದು ಇರಲಿ, ಕಟ್ಟುವುದಕ್ಕೆ ಕಾಲು ಪಾಲು ದೋರೆಗಾಯಿ ಇರಲಿ. ಸೀಬೆ, ಹುಳಿ ಸೇಬು ತಾವಾಗಿಯೇ ಕಟ್ಟಿಕೊಳ್ಳುತ್ತವೆ. ಸ್ಟ್ರಾಬೆರಿ, ಅನಾನಸ್ ತರಹದವು ಒಂಟಿಯಾಗಿ ನಿಲ್ಲುವುದಿಲ್ಲ, ಜೊತೆಗೆ ಸೇಬು ಬೇಕು.

ಜೆಲಾಟಿನ್ ಪುಡಿ ಹಾಕಿದರೆ ಸುಲಭ ಅಲ್ವಾ ಅಂತ ಕೇಳುತ್ತಾರೆ. ಸುಲಭವೇ, ಯಾರು ಬೇಡ ಅಂದರು. ಆದರೆ ಅದು ಪ್ರಾಣಿಗಳ ಮೂಳೆ, ಚರ್ಮದಿಂದ ಬರುವುದು. ಸಸ್ಯಾಹಾರಿಗಳಿಗೆ ಕೊಡುವ ಮುಂಚೆ ಹೇಳಿ ಕೊಡಿ. ಹಸಿ ಅನಾನಸ್, ಪಪ್ಪಾಯಿ, ಕಿವಿ ಹಣ್ಣುಗಳ ಜೊತೆ ಅದು ಕಟ್ಟುವುದೂ ಇಲ್ಲ. ಆ ಹಣ್ಣುಗಳಲ್ಲಿರುವ ಕಿಣ್ವ ಜೆಲಾಟಿನ್ ಅನ್ನೇ ತಿಂದುಹಾಕುತ್ತದೆ. ಹಣ್ಣನ್ನು ಮೊದಲು ಚೆನ್ನಾಗಿ ಕುದಿಸಿದರೆ ಆ ತೊಂದರೆ ಇಲ್ಲ. ಕಡಲಪಾಚಿಯಿಂದ ಬರುವ ಅಗರ್ ಅಗರ್ ಹಾಕುವವರು ಅದನ್ನು ಬರೀ ನೀರಿನಲ್ಲಿ ಪೂರ್ತಿ ಕರಗುವವರೆಗೆ ಕುದಿಸಿ, ಹುಳಿಯನ್ನು ಆಮೇಲೆ ಸೇರಿಸಿ. ನನಗೆ ಮಾತ್ರ ಹಣ್ಣಿನ ಸ್ವಂತ ಅಂಟಿನಿಂದ ಕಟ್ಟಿದ ಮಿಠಾಯಿಯೇ ಮಿಠಾಯಿ. ಹಲ್ಲಿಗೆ ಅಂಟಬಾರದು, ರಬ್ಬರಿನ ಹಾಗೆ ಎಳೆಯಲೂಬಾರದು.

ಈಗ ಬೀಜದ ವಿಷಯ. ಇದನ್ನು ಪೂರ್ತಿ ಓದಿ, ನಡುವೆ ಹಾರಿಸಬೇಡಿ.

ನಮ್ಮತ್ತೆ ಅಡುಗೆಮನೆಯ ಕಟ್ಟೆಯ ಮೇಲೆ ಒಂದು ಪುಟ್ಟ ಬಟ್ಟಲು ಇಟ್ಟಿರುತ್ತಿದ್ದರು. ನಿಂಬೆ ಹಿಂಡಲಿ, ಕಿತ್ತಳೆ ಬಿಡಿಸಲಿ, ಬೀಜ ಆ ಬಟ್ಟಲಿಗೇ ಬೀಳಬೇಕು. ಮನೆಗೆ ಬಂದ ನೆಂಟರಿಗೂ ವಿನಾಯಿತಿ ಇರಲಿಲ್ಲ. ಕಿತ್ತಳೆ ತಿನ್ನುತ್ತಾ ಹರಟೆ ಹೊಡೆಯುವವರ ಮುಂದೆ ಬಟ್ಟಲು ತಂದು ಇಟ್ಟುಬಿಡುತ್ತಿದ್ದರು. ಮದುವೆಯಾದ ಹೊಸದರಲ್ಲಿ ನನಗೆ ನಗು ಬರುತ್ತಿತ್ತು. ಅವರ ಮಿಠಾಯಿ ತಿಂದ ಮೇಲೆ ನಗು ನಿಂತಿತು.

ಆ ಬೀಜಗಳನ್ನು ತೊಳೆಯಬಾರದು. ಸುತ್ತ ಇರುವ ಜಾರುವ ಲೋಳೆಯೇ ನಮಗೆ ಬೇಕಾದದ್ದು. ತೊಳೆದರೆ ಅದು ಬಚ್ಚಲಿಗೆ ಹೋಯಿತು. ಒಣಗಿ ಗರಗರ ಅನ್ನುವ ಹಳೇ ಬೀಜವೂ ಪ್ರಯೋಜನವಿಲ್ಲ. ಒಂದೇ ದಿನ ಸಾಕಷ್ಟು ಸಿಗದಿದ್ದರೆ ಮುಚ್ಚಳದ ಡಬ್ಬಿಯಲ್ಲಿ ಹಾಕಿ ಫ್ರೀಜರಿನಲ್ಲಿಟ್ಟು ಕೂಡಿಹಾಕಿ. ಒಂದು ಹಿಡಿ ಆದಾಗ ಗಾಜಿನ ಲೋಟಕ್ಕೆ ಹಾಕಿ, ಬೀಜ ಮುಳುಗಿ ಮೇಲೆ ಒಂದು ಬೆರಳು ನಿಲ್ಲುವಷ್ಟು ಕಾದಾರಿದ ನೀರು ಹಾಕಿ. ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಚಮಚ ಆಡಿಸಿದರೆ ನೀರು ಮೊಟ್ಟೆಯ ಬಿಳಿಯ ಹಾಗೆ ಎಳೆ ಎಳೆಯಾಗಿ ಬರಬೇಕು. ಹೆಬ್ಬೆರಳು ತೋರುಬೆರಳಿನ ನಡುವೆ ಒಂದು ಹನಿ ಹಿಡಿದು ಬಿಡಿಸಿ ನೋಡಿ. ಎಳೆ ತಕ್ಷಣ ತುಂಡಾದರೆ ಇನ್ನೊಂದು ಅರ್ಧ ದಿನ ಬಿಡಿ.

ಆ ಲೋಳೆ ನೀರನ್ನು ತೆಳು ಹತ್ತಿ ಬಟ್ಟೆಯಲ್ಲಿ ಸೋಸಿ ಪಕ್ಕಕ್ಕಿಡಿ. ಬೀಜವನ್ನು ಎಸೆಯಬೇಡಿ, ಅದರ ಕೆಲಸ ಮುಗಿದಿಲ್ಲ. ಅದೇ ಬಟ್ಟೆಯಲ್ಲಿ ಬೀಜ, ಜೊತೆಗೆ ಕಿತ್ತಳೆ ಸಿಪ್ಪೆಯ ಒಳಗಿನ ಬಿಳಿ ಭಾಗ ಸ್ವಲ್ಪ ಹಾಕಿ ಗಂಟು ಕಟ್ಟಿ. ಸ್ವಲ್ಪ ಅಂದರೆ ಸ್ವಲ್ಪವೇ, ಜಾಸ್ತಿಯಾದರೆ ಕಹಿ. ಬೀಜವನ್ನು ಜಜ್ಜಲೂಬಾರದು, ಅದೂ ಕಹಿ. ಗಂಟು ಸಡಿಲವಾಗಿರಲಿ, ಒಳಗೆ ನೀರು ಓಡಾಡಬೇಕು. ದಾರವನ್ನು ಉದ್ದ ಬಿಟ್ಟು ಪಾತ್ರೆಯ ಹಿಡಿಗೆ ಕಟ್ಟಿ. ಇಲ್ಲದಿದ್ದರೆ ಕುದಿಯುವ ಹಣ್ಣಿನಲ್ಲಿ ಸೌಟು ಹಾಕಿ ಗಂಟು ಹುಡುಕುತ್ತಾ ಕೂರುತ್ತೀರಿ. ಹಣ್ಣು ಬೇಯುವಾಗ ಈ ಗಂಟು ಅದರ ಜೊತೆಯಲ್ಲೇ ಬೇಯಬೇಕು. ಆಮೇಲೆ ತೆಗೆದು ತಟ್ಟೆಯ ಮೇಲಿಡಿ. ಕೈ ತಾಳುವಷ್ಟು ಆರಿದ ಮೇಲೆ ಇನ್ನೊಂದು ತಟ್ಟೆ ಮೇಲಿಟ್ಟು ಒತ್ತಿ. ದಪ್ಪಗೆ, ಮಂಕಾದ ಅಂಟು ಇಳಿಯುತ್ತದೆ. ಒಮ್ಮೆ ಒತ್ತಿ ಬಿಟ್ಟುಬಿಡುವವರೇ ಹೆಚ್ಚು. ಮಡಚಿ ಮತ್ತೆ ಒತ್ತಿ. ಕೊನೆಯಲ್ಲಿ ಬರುವುದೇ ಒಳ್ಳೆಯ ಅಂಟು.

ಬಟ್ಟೆಯ ಮಾತು ಬಂತು, ಹೇಳಿಬಿಡುತ್ತೇನೆ. ಅಡುಗೆಗೆ ಬಳಸುವ ಸೋಸುವ ಬಟ್ಟೆಯನ್ನು ಅಂಗಿ ಚಡ್ಡಿಯ ಜೊತೆ ವಾಷಿಂಗ್ ಮೆಷಿನ್ನಿಗೆ ಹಾಕುತ್ತಾರಲ್ಲ, ಅವರಿಗೆ ಏನು ಹೇಳೋದು? ಬಟ್ಟೆ ಮೆತ್ತಗಾಗಲಿ ಅಂತ ಹಾಕುವ ಆ ಪರಿಮಳದ ದ್ರಾವಣ ನೂಲಿಗೆ ಹಿಡಿದರೆ ಬಿಡುವುದೇ ಇಲ್ಲ. ಆಮೇಲೆ ಮಿಠಾಯಿ ಸೋಪಿನ ವಾಸನೆ. ಸೋಸುವ ಬಟ್ಟೆಯನ್ನು ಬಳಸಿದ ಕೂಡಲೇ ತಣ್ಣೀರಲ್ಲಿ ಜಾಲಿಸಿ, ಬರೀ ನೀರಲ್ಲಿ ಕುದಿಸಿ, ಬಿಸಿಲಿಗೆ ಹಾಕಿ. ಅಷ್ಟೇ.

ಹಣ್ಣು ಬೇಯಿಸುವುದು ನಿಮಗೆ ಗೊತ್ತಿರುವುದೇ. ಸಿಪ್ಪೆ ಸಮೇತ ಹೆಚ್ಚಿ, ತಳ ಹಿಡಿಯದಷ್ಟು ನೀರು ಹಾಕಿ, ಮೆತ್ತಗಾಗುವವರೆಗೆ ಬೇಯಿಸಿ ಜರಡಿಯಲ್ಲಿ ಉಜ್ಜಿ. ಬೀಜ ಸಮೇತ ಮಿಕ್ಸಿಗೆ ಹಾಕಿ ತಿರುಗಿಸಬೇಡಿ. ಸಕ್ಕರೆ ಈಗ ಹಾಕಬೇಕು, ಮೊದಲೇ ಅಲ್ಲ. ಮೊದಲೇ ಹಾಕಿದರೆ ಸಿಪ್ಪೆ ಬಿರುಸಾಗಿ ಅಂಟು ಬಿಡುವುದಿಲ್ಲ. ಎಷ್ಟು ಸಕ್ಕರೆ? ಹಣ್ಣಿನ ತಿರುಳಿನ ತೂಕದಷ್ಟು, ಹುಳಿ ಹಣ್ಣಾದರೆ ಮೇಲೊಂದು ಹಿಡಿ. ಆರೋಗ್ಯಕ್ಕೆ ಅಂತ ಅರ್ಧ ಮಾಡಿದೆ, ಕಟ್ಟಲೇ ಇಲ್ಲ ಅಂತ ನನ್ನ ಹತ್ತಿರ ಬರಬೇಡಿ. ಕುದಿದು ನೀರು ಇಂಗಿದ ಮೇಲೆ ಪಾತ್ರೆಯಲ್ಲಿರುವುದರಲ್ಲಿ ನೂರಕ್ಕೆ 60 ಪಾಲಾದರೂ ಸಕ್ಕರೆ ಇಲ್ಲದಿದ್ದರೆ ಈ ಅಂಟು ಕಟ್ಟುವುದಿಲ್ಲ. ಮಿಠಾಯಿಗೆ 75ರ ಹತ್ತಿರ ಹೋಗಬೇಕು. ಸಕ್ಕರೆ ಬೇಡದವರು ಹಣ್ಣನ್ನೇ ತಿನ್ನಿ, ಯಾರು ಹಿಡಿದಿದ್ದಾರೆ?

ಪಾತ್ರೆ ಅಗಲವಾಗಿರಲಿ, ತಳ ದಪ್ಪ ಇರಲಿ, ಸ್ಟೀಲಿನದಾಗಲಿ. ಅಲ್ಯೂಮಿನಿಯಂ ಬೇಡ, ಹುಳಿಗೆ ಅದು ಆಗಿಬರುವುದಿಲ್ಲ. ತಿರುಳು, ಸಕ್ಕರೆ, ಬೀಜದ ಲೋಳೆ, ಗಂಟಿನಿಂದ ಒತ್ತಿದ ಅಂಟು ಎಲ್ಲ ಸೇರಿಸಿ ಜೋರು ಉರಿಯಲ್ಲಿ ಕುದಿಸಿ. ಪಾತ್ರೆಯ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ತುಂಬಬೇಡಿ. ಒಂದೇ ಸಲಕ್ಕೆ ಇಡೀ ಓಣಿಗೆ ಆಗುವಷ್ಟು ಮಾಡಲು ಹೋದರೆ ತುಂಬಾ ಹೊತ್ತು ಕುದಿಸಬೇಕಾಗುತ್ತದೆ, ಅಷ್ಟರಲ್ಲಿ ಅಂಟಿನ ಶಕ್ತಿಯೇ ಹೋಗಿರುತ್ತದೆ. ಬಣ್ಣವೂ ಕಂದು. ಗಟ್ಟಿಯಾಗುತ್ತಾ ಬಂದ ಹಾಗೆ ಪಟಪಟ ಸಿಡಿಯುತ್ತದೆ. ಉದ್ದ ಹಿಡಿಯ ಮರದ ಸೌಟು ಹಿಡಿಯಿರಿ, ತೋಳು ಮುಚ್ಚಿಕೊಳ್ಳಿ, ಮಕ್ಕಳನ್ನು ಆಚೆ ಕಳಿಸಿ. ಆ ಹೊತ್ತಲ್ಲಿ ಫೋನು ಬಂದರೂ ಎತ್ತಬೇಡಿ.

ಹದ ನೋಡುವುದಕ್ಕೆ ನನಗೆ ತಣ್ಣಗಿನ ತಟ್ಟೆ ಸಾಕು. ಒಂದು ಹನಿ ಹಾಕಿ, ಆರಿದ ಮೇಲೆ ಬೆರಳಲ್ಲಿ ತಳ್ಳಿ. ಇಡಿಯಾಗಿ ಜಾರಿ ತಟ್ಟೆಯಿಂದ ಬಿಟ್ಟು ಬರಬೇಕು. ಬರೀ ಮೇಲ್ಭಾಗ ಸುಕ್ಕುಗಟ್ಟಿದರೆ ಅದು ಜಾಮಿನ ಹದ, ಮಿಠಾಯಿಗೆ ಸಾಲದು. ಥರ್ಮಾಮೀಟರ್ ಇಟ್ಟುಕೊಂಡಿರುವವರು 106–107 ಡಿಗ್ರಿ ಸೆಲ್ಸಿಯಸ್ ನೋಡಿ. ಆದರೆ ಎತ್ತರದ ಜಾಗದಲ್ಲಿ ನೀರು 100ಕ್ಕೆ ಮೊದಲೇ ಕುದಿಯುತ್ತದೆ. 300 ಮೀಟರ್ ಎತ್ತರಕ್ಕೆ ಸುಮಾರು 1 ಡಿಗ್ರಿ ಕಡಿಮೆ. ಹಾಗಾಗಿ ಮೊದಲು ಬರೀ ನೀರು ಕುದಿಸಿ ಎಷ್ಟಿದೆ ನೋಡಿ, ಅದಕ್ಕೆ 6–7 ಸೇರಿಸಿಕೊಳ್ಳಿ.

ನಿಂಬೆರಸ ಕೊನೆಯಲ್ಲಿ. ಹುಳಿ ಇಲ್ಲದೆ ಈ ಅಂಟು ಕಟ್ಟುವುದಿಲ್ಲ, ಮೊದಲೇ ಹಾಕಿ ಹೊತ್ತುಗಟ್ಟಲೆ ಕುದಿಸಿದರೆ ಅದೇ ಹುಳಿ ಅಂಟನ್ನು ಮುರಿಯುತ್ತದೆ. ರಸ ಹಾಕಿ ಎರಡು ಸುತ್ತು ತಿರುವಿ, ಬಟರ್ ಪೇಪರ್ ಹಾಸಿದ ತಟ್ಟೆಗೆ ತಕ್ಷಣ ಸುರಿಯಿರಿ. ಒಂದು ಬೆರಳು ದಪ್ಪ. ನಿಧಾನ ಮಾಡಿದರೆ ಪಾತ್ರೆಯಲ್ಲೇ ಕಟ್ಟಲು ಶುರುವಾಗಿ ಗಂಟುಗಂಟಾಗುತ್ತದೆ.

ರಾತ್ರಿ ಕಳೆದ ಮೇಲೆ ಚಾಕುವಿಗೆ ಎಣ್ಣೆ ಸವರಿ ಕತ್ತರಿಸಿ. ಈಗ ಎಲ್ಲರೂ ಮಾಡುವ ಇನ್ನೊಂದು ಅವಸರ ಅಂದರೆ ಕತ್ತರಿಸಿದ ಕೂಡಲೇ ಸಕ್ಕರೆಯಲ್ಲಿ ಹೊರಳಿಸುವುದು. ಹಸಿ ಮೈಗೆ ಸಕ್ಕರೆ ಹಾಕಿದರೆ ಅದು ಒಳಗಿನ ನೀರನ್ನು ಎಳೆದುಕೊಳ್ಳುತ್ತದೆ. ಸಂಜೆಗೆ ಎಲ್ಲ ಪಾಕ. ತುಂಡುಗಳನ್ನು ಒಂದಕ್ಕೊಂದು ತಾಗದ ಹಾಗೆ ಜಾಲರಿಯ ಮೇಲಿಟ್ಟು, ಒಂದು ದಿನ ಗಾಳಿಗೆ ಬಿಡಿ. ಮಧ್ಯೆ ಮಗುಚಿ. ಮುಟ್ಟಿದರೆ ಬೆರಳಿಗೆ ಅಂಟದಂತಾದಾಗ ಹರಳು ಸಕ್ಕರೆಯಲ್ಲಿ ಹೊರಳಿಸಿ. ಪುಡಿ ಸಕ್ಕರೆ ಬೇಡ, ಅದು ಬೇಗ ಕರಗುತ್ತದೆ. ಮಳೆ ಹಿಡಿದಿರುವಾಗ ಈ ಕೆಲಸಕ್ಕೆ ಹೋಗಲೇಬೇಡಿ, ಗಾಳಿಯ ತೇವವೇ ಸಾಕು ಕೆಡಿಸಲು.

ಇಷ್ಟಾದರೂ ಮೆತ್ತಗೇ ಉಳಿದರೆ ಅಳುತ್ತಾ ಕೂರಬೇಡಿ. ಪಾತ್ರೆಗೆ ವಾಪಸು ಹಾಕಿ, ಒಂದು ಗುಟುಕು ನೀರು, ಬೇಯಿಸಿ ಸೋಸಿದ ಸೇಬಿನ ತಿರುಳು ಸ್ವಲ್ಪ ಸೇರಿಸಿ ಮತ್ತೆ ಹದಕ್ಕೆ ತನ್ನಿ.

ಡಬ್ಬಿಯಲ್ಲಿ ಇಡುವಾಗ ಪದರಕ್ಕೊಂದು ಬಟರ್ ಪೇಪರ್ ಹಾಕಿ. ಫ್ರಿಜ್ಜಿನಲ್ಲಿ ಬೇಡ ಅಂತ ಮತ್ತೆ ಹೇಳಬೇಕಾ? ಹೊರಗೆ ತೆಗೆದ ಕೂಡಲೇ ಮೇಲೆಲ್ಲ ನೀರು ಕೂತು ಸಕ್ಕರೆ ಕರಗುತ್ತದೆ. ತಂಪಾದ, ಒಣಗಿದ ಕಪಾಟು ಸಾಕು. ಸ್ವಲ್ಪ ಬೆವರಿದಂತೆ ಕಂಡರೆ ಹೊರಗಿಟ್ಟು ಆರಿಸಿ, ಇನ್ನೊಮ್ಮೆ ಸಕ್ಕರೆಯಲ್ಲಿ ಹೊರಳಿಸಿ. ಪುಟ್ಟ ಮಕ್ಕಳ ಕೈಗೆ ಇಡೀ ತುಂಡು ಕೊಡಬೇಡಿ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ತೆಳ್ಳಗೆ ಉದ್ದುದ್ದ ಸೀಳಿ, ಕೂರಿಸಿ, ಎದುರಿಗೆ ನೀವೂ ಕೂತು ತಿನ್ನಿಸಿ.