ಎಂಜಿನ್ ನಿಂತ ಹಡಗಿಗೆ ಟಗ್‌ನ ಹಗ್ಗ ಕಟ್ಟುವುದು

ಹದಿನೇಳು ವರ್ಷ ರಕ್ಷಣಾ ಟಗ್‌ಗಳ, ಅಂದರೆ ಅಪಾಯದಲ್ಲಿರುವ ಹಡಗುಗಳನ್ನು ಎಳೆದೊಯ್ಯುವ ದೋಣಿಗಳ, ಡೆಕ್ಕಿನಲ್ಲಿ ದುಡಿದಿದ್ದೇನೆ. ಎಂಜಿನ್ ನಿಂತ ಹಡಗಿನವರಿಗೆ ನನ್ನ ಮೊದಲ ಮಾತು: ಟಗ್ ಅನ್ನು ತಕ್ಷಣ ಕರೆಯಿರಿ. ರಿಪೇರಿ ಆದೀತೆಂದು ಕಾಯುತ್ತ ಕೂರಬೇಡಿ. 1978ರ ಮಾರ್ಚ್ 16ರಂದು ಫ್ರಾನ್ಸಿನ ಬ್ರಿಟನಿ ತೀರದ ಬಳಿ ಅಮೊಕೊ ಕಾಡಿಝ್ ಎಂಬ ತೈಲ ಹಡಗಿನ ಚುಕ್ಕಾಣಿ ಕೆಟ್ಟಿತು. ಟಗ್ ಕೇಳಿದ್ದು ಗಂಟೆಗೂ ಹೆಚ್ಚು ಕಾಲ ಕಳೆದ ಮೇಲೆ. ಬಿರುಗಾಳಿಯಲ್ಲಿ ಎಳೆತದ ಕೊಂಡಿ ಕಡಿದುಹೋಗಿ, ರಾತ್ರಿ ಹಡಗು ಬಂಡೆಗೆ ಬಡಿಯಿತು. ಸುಮಾರು 2.2 ಲಕ್ಷ ಟನ್ ಕಚ್ಚಾ ತೈಲ ಸಮುದ್ರದ ಪಾಲಾಯಿತು.

ಹಣದ ಚೌಕಾಶಿಗೂ ಹೊತ್ತು ಕಳೆಯಬೇಡಿ. ಲಾಯ್ಡ್ಸ್ ಓಪನ್ ಫಾರ್ಮ್ ಎಂಬ ಹಡಗು ರಕ್ಷಣೆಯ ಸಿದ್ಧ ಒಪ್ಪಂದವನ್ನು ರೇಡಿಯೊದಲ್ಲೇ ಒಪ್ಪಿಕೊಳ್ಳಬಹುದು. ಏನನ್ನೂ ಉಳಿಸಲಾಗದಿದ್ದರೆ ಸಂಭಾವನೆ ಇಲ್ಲ ಎಂಬುದು ಅದರ ಮೂಲ ತತ್ವ. ಮೊತ್ತವನ್ನು ಆಮೇಲೆ ಮಧ್ಯಸ್ಥಗಾರರು ತೀರ್ಮಾನಿಸುತ್ತಾರೆ.

ಟಗ್ ಹತ್ತಿರವಾದಾಗ ಅವರಿಗೆ ತಿಳಿಸಲೇಬೇಕಾದ ಸಂಗತಿಯೊಂದಿದೆ: ನಿಮ್ಮ ವಿಂಚಿಗೆ, ಅಂದರೆ ಹಗ್ಗ ಎಳೆಯುವ ಯಂತ್ರಕ್ಕೆ, ವಿದ್ಯುತ್ ಇದೆಯೇ? ಅನೇಕರು ಇದನ್ನು ಮರೆಯುತ್ತಾರೆ. ನಾವು ಮೊದಲು ಎಸೆಯುವುದು ತೆಳ್ಳನೆಯ ದಾರ, ಅದರ ಹಿಂದೆ ದಪ್ಪ ಹಗ್ಗ, ಕೊನೆಗೆ ಉಕ್ಕಿನ ಹಗ್ಗ. ಆ ಉಕ್ಕನ್ನು ಕೈಯಿಂದ ಎಳೆಯಲು ಯಾರಿಂದಲೂ ಆಗದು. ವಿದ್ಯುತ್ ಇಲ್ಲವೆಂದರೆ ದಪ್ಪ ಹಗ್ಗವನ್ನು ನಿಮ್ಮ ಡೆಕ್ಕಿನ ರಾಟೆಯೊಂದಕ್ಕೆ ಹಾಯಿಸಿ, ತುದಿಯನ್ನು ನಮಗೇ ಹಿಂದಿರುಗಿಸಿ. ನಮ್ಮ ವಿಂಚಿನಿಂದಲೇ ಉಕ್ಕನ್ನು ನಿಮ್ಮಲ್ಲಿಗೆ ಏರಿಸುತ್ತೇವೆ.

ಹಗ್ಗ ಹಡಗಿನ ಅಂಚಿಗೆ ಉಜ್ಜುವ ಜಾಗದಲ್ಲಿ ಸರಪಳಿಯೇ ಇರಬೇಕು. ಒಮ್ಮೆ ಸರಪಳಿ ಹಾಕಲು ಸಮಯವಿಲ್ಲವೆಂದು ಬರಿಯ ಉಕ್ಕಿನ ಹಗ್ಗವನ್ನೇ ಕಟ್ಟಿದ್ದರು. ನಡುರಾತ್ರಿ ಅದು ಎಳೆ ಎಳೆಯಾಗಿ ಸವೆದು ತುಂಡಾಯಿತು. ಮತ್ತೆ ಕಟ್ಟುವಷ್ಟರಲ್ಲಿ ಬೆಳಗಾಗಿತ್ತು, ತೀರ ಕಣ್ಣಿಗೆ ಕಾಣುತ್ತಿತ್ತು. ಆ ರಾತ್ರಿಯ ಭಯ ಇನ್ನೂ ನನ್ನನ್ನು ಬಿಟ್ಟಿಲ್ಲ.

ಕೊಂಡಿ ಬಿಗಿದೊಡನೆ ಹಡಗಿನ ಮುಂಭಾಗದ ಡೆಕ್ಕಿನಿಂದ ಎಲ್ಲರೂ ಹೊರಡಿ. ಬಿಗಿದ ಹಗ್ಗ ಕಡಿದರೆ ಚಾಟಿಯಂತೆ ಹಿಂದಕ್ಕೆ ಬೀಸಿ ಬರುತ್ತದೆ; ಅದರ ದಾರಿಯಲ್ಲಿ ನಿಂತವನು ಬದುಕುವುದಿಲ್ಲ. ಚುಕ್ಕಾಣಿಯನ್ನು ನೇರಮಾಡಿ ಬಂಧಿಸಿ. ಆಮೇಲೆ ದೂರದಿಂದ ಹಗ್ಗವನ್ನೇ ನೋಡುತ್ತಿರಿ: ಅದು ನೀರಿನೊಳಗೆ ಜೋತುಬಿದ್ದಿರಬೇಕು, ಅಲೆಯ ಹೊಡೆತವನ್ನು ನುಂಗುವುದು ಆ ಜೋಲೇ. ನೀರಿನಿಂದ ಮೇಲೆದ್ದು ನೆಟ್ಟಗಾದರೆ ಕೂಡಲೇ ರೇಡಿಯೊದಲ್ಲಿ ಹೇಳಿ. ನಾವು ಇನ್ನಷ್ಟು ಹಗ್ಗ ಬಿಡುತ್ತೇವೆ. ಆಳ ಕಡಿಮೆಯಿರುವಲ್ಲಿ ಲಂಗರನ್ನೂ ಇಳಿಸಲು ಸಿದ್ಧವಾಗಿಡಿ. ಹಗ್ಗ ಮತ್ತೆ ತುಂಡಾದರೆ, ನಾವು ತಿರುಗಿ ಬರುವ ತನಕ ಹಡಗನ್ನು ಹಿಡಿದಿಡಲು ನಿಮ್ಮ ಬಳಿ ಇರುವುದು ಅದೊಂದೇ.